ಇಪ್ಪತ್ತಮೂರರಲ್ಲೊಂದು ಬೇಡ

ಆ ಭಾನುವಾರ ಶೀನ ಖಾರ್ವಿಯ ಪೆನ್ನು ಬರೆಯಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

ತ್ರಾಸಿಯ ಊರ ಸಮಿತಿಯ ಸಭೆ. ಹೊಸ ಬಸ್ ತಂಗುದಾಣ ಅಧ್ಯಕ್ಷ ರವಿಚಂದ್ರ ಶೆಟ್ಟರ ಹೋಟೆಲಿನ ಎದುರೇ ಆಗಲಿ ಎಂದು ಕಾರ್ಯದರ್ಶಿ ಕುಷ್ಟ ಸೂಚಿಸಿದ್ದ. ಎಂದಿನಂತೆ ಕೈ ಎತ್ತಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ತರಬೇತಿ ಕೊಡಲು ಬ್ರಹ್ಮಾವರದಿಂದ ಬಂದಿದ್ದ ಚಂದನಾ ಮೇಡಂ ಬಿಡಲಿಲ್ಲ.

"ಮೀನು ಮಾರುವವರು, ಗದ್ದೆಯವರು, ಹೋಟೆಲಿನವರು ಎಲ್ಲ ಒಟ್ಟಿಗಿರುವ ಊರಲ್ಲಿ ಎತ್ತಿದ ಕೈಯನ್ನು ನಂಬಬಾರದು. ಪಕ್ಕದವರ ಮುಖ ನೋಡಿ ಕೈ ಏಳುತ್ತದೆ. ಒಬ್ಬರ 'ಬೇಡ'ಕ್ಕೂ ಜಾಗ ಇದ್ದರೇ ಅದು ಪ್ರಜಾಪ್ರಭುತ್ವ," ಎಂದು ಚೀಟಿ ಹಂಚಿದರು.

ಪರದೆಯ ಹಿಂದೆ ಹೋಗಿ 'ಬೇಕು' ಅಥವಾ 'ಬೇಡ' ಎಂದು ಬರೆದು ಡಬ್ಬಿಗೆ ಹಾಕಬೇಕು. ಉಳಿದವರೆಲ್ಲ ಹೋದಷ್ಟೇ ಬೇಗ ಹೊರಬಂದರು. ಶೀನ ಮಾತ್ರ ಪೆನ್ನನ್ನು ಅಂಗೈಗೆ ಗೀಚಿ, ಊದಿ, ಕೊಡವಿ, ಅಂತೂ 'ಬೇಕು' ಎಂದು ಮೂಡಿಸಿ ಬೆವರೊರೆಸುತ್ತ ಬಂದಾಗ ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಶೆಟ್ಟರ ಹೋಟೆಲಿಗೆ ದಿನಾ ಮೀನು ಕೊಡುವವ ಅವನು. 'ಬೇಡ' ಎನ್ನುವ ಮಾತು ಅವನ ತಲೆಗೇ ಬಂದಿರಲಿಲ್ಲ.

ಎಣಿಸಿದರು. ಬೇಕು ಇಪ್ಪತ್ತೆರಡು. ಬೇಡ ಒಂದು.

ಕುಷ್ಟನ ಮುಖ ಹುಳಿ ಹಿಂಡಿದ ಹಾಲಿನಂತೆ ಒಡೆಯಿತು. "ಒಳ್ಗೆ ಅಷ್ಟೊತ್ತ್ ಎಂತ ಬರ್ದೆ ಶೀನ?"

"ಪೆನ್ನ್ ಬರೀಲಿಲ್ಲ ಮರಾಯ!"

"ನಮ್ಗೆಲ್ಲ ಬರೀತಲ್ಲ? ನಿಂಗ್ ಮಾತ್ರ ಬರೀಲಿಲ್ಯಾ?"

ಶೆಟ್ಟರು ಮೀಸೆ ಸವರಿಕೊಂಡು ಎದ್ದುಹೋದರು. ಬೈದಿದ್ದರೆ ಶೀನನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಹನ್ನೊಂದಕ್ಕೆ ಬಂಗುಡೆಯ ಬುಟ್ಟಿಯೊಂದಿಗೆ ಹೋಟೆಲಿನ ಹಿಂಬಾಗಿಲಿಗೆ ಹೋದರೆ ಮ್ಯಾನೇಜರ್ ಯತೀಶ್ ಅಡ್ಡ ನಿಂತ. "ಇನ್ ನಿನ್ ಮೀನ್ ಬ್ಯಾಡ."

"ಶೆಟ್ರ್ ಹೇಳಿದ್ರಾ?"

"ಅವ್ರ್ ಹೇಳ್ಕಾ? ನಂಗ್ ಗೊತ್ತಾತಿಲ್ಯಾ?"

ಬುಟ್ಟಿ ಮನೆಗೆ ವಾಪಸು ಬಂತು. ಹೆಂಡತಿ ಪ್ರಭಾವತಿ ಮೀನು ನೋಡಲಿಲ್ಲ, ಗಂಡನ ಮುಖ ನೋಡಿದಳು. "ಹ್ವಾಯ್, ನನ್ನತ್ರ ಆದ್ರೂ ಸತ್ಯ ಹೇಳಿ. ನೀವೇ ಅಲ್ದಾ?"

"ನಾನ್ ಬೇಕು ಅಂದೇಳಿಯೇ ಬರ್ದದ್ದ್!"

"ಹೀಂಗ್ ಬೊಬ್ಬೆ ಹೊಡೂದ್ ಕಂಡ್ರೆ ನೀವೇ."

ಊಟ ಸೇರದೆ ಶೀನ ಪೇಟೆಗೆ ಬಂದ. ಮೀನು ಮಾರುವ ಸುಗುಣ ಅವನನ್ನು ಕಂಡದ್ದೇ ಸೆರಗು ಬಾಯಿಗಿಟ್ಟುಕೊಂಡು ಹತ್ತಿರ ಬಂದಳು. "ಒಳ್ಳೆ ಕೆಲ್ಸ ಮಾಡ್ದೆ ಶೀನಣ್ಣ. ಬುಟ್ಟಿ ಹೊತ್ಕಂಡ್ ಆ ಹೋಟ್ಲ್ ತನ್ಕ ನಡೂಕಾತ್ತಾ? ನಾನ್ ಹೆದ್ರಿ ಬೇಕು ಬರ್ದೆ. ನಿಂಗ್ ಧೈರ್ಯ ಇತ್ತ್."

"ನಾನಲ್ಲ ಮಾರಾಯ್ತಿ!"

ಸುಗುಣ ಕಣ್ಣು ಮಿಟುಕಿಸಿ ಹೋದಳು. ದರ್ಜಿ ಪದ್ದು ಅಂಗಡಿಯೊಳಗಿಂದಲೇ ಹೆಬ್ಬೆರಳು ತೋರಿಸಿದ. ಶೀನ ಹೆಜ್ಜೆ ಬಿರುಸು ಮಾಡಿದ. ಇವರನ್ನೆಲ್ಲ ಶೆಟ್ಟರೇ ಕಳಿಸಿದ್ದಾರೆ, ತನ್ನ ಬಾಯಿ ಬಿಡಿಸಲಿಕ್ಕೆ!

ಹಳೆಯ ಬಸ್ ಸ್ಟಾಪಿನ ಬುಡದಲ್ಲಿ ಕುಷ್ಟನ ಗೂಡಂಗಡಿ. ಬೆಳಿಗ್ಗೆ ಕೂಗಾಡಿದ ಅದೇ ಕುಷ್ಟ ಅವನ ಕೈ ಹಿಡಿದು ಅಂಗಡಿಯ ಹಿಂದಕ್ಕೆ ಎಳೆದ. "ಬೇಜಾರ್ ಮಾಡ್ಕಬ್ಯಾಡ. ಎಲ್ರೆದುರ್ ಹಾಂಗ್ ಹೇಳ್ಕಾತ್ತ್. ಬಸ್ ಅಲ್ಲಿಗ್ ಹೋರೆ ನನ್ ಅಂಗ್ಡಿ ಕಥಿ ಎಂತ? ನೀನ್ ಬ್ಯಾಡ ಅಂದದ್ದೇ ಒಳ್ಳೇದಾಯ್ತ್."

ಅವನ ಅಂಗಿಯ ಕಿಸೆಯಲ್ಲಿ ಮೊಬೈಲು ಇಣುಕುತ್ತಿತ್ತು. ರೆಕಾರ್ಡಿಂಗ್ ಎಂದು ಶೀನನಿಗೆ ಖಾತ್ರಿಯಾಯಿತು. ಕಿಸೆಗೆ ಬಾಯಿ ಕೊಟ್ಟು ಕಿರುಚಿದ: "ಶೆಟ್ರೇ, ನಾನ್ ಬೇಕು ಅಂದೇ ಬರ್ದದ್ದ್!"

ಕುಷ್ಟ ಎದೆ ಹಿಡಿದುಕೊಂಡು ಕೂತುಬಿಟ್ಟ.

ಇನ್ನು ತಡೆಯಲಾರದೆ ಶೀನ ನೇರ ಶೆಟ್ಟರಲ್ಲಿಗೇ ಹೋದ. "ದೇವ್ರಾಣೆ, ನಾನ್ ಬ್ಯಾಡ ಅಂದದ್ದಲ್ಲ ಶೆಟ್ರೇ. ಬೇಕು ಅಂದದ್ದ್."

ಶೆಟ್ಟರ ಮುಖ ಬಾಡಿತು. "ನೀನೂ ಬೇಕು ಅಂದ್ಯಾ?"

ನಂಬಲಿಲ್ಲ ಎಂದುಕೊಂಡ ಶೀನ. "ಬೇಕಾರೆ ಇನ್ನೊಂದ್ ಸಲ ಚೀಟಿ ಹಾಕ್ಸಿ. ಒಂದೇ ಒಂದ್ ಬ್ಯಾಡ ಬಂದ್ರೂ ನನ್ನ್ ಸಮಿತಿಯಿಂದ ತೆಗ್ದ್ ಹಾಕಿ."

ಶೆಟ್ಟರು ತಟಕ್ಕನೆ ನೆಟ್ಟಗೆ ಕೂತರು. "ಹಾಕ್ಸುವ. ಇವತ್ತೇ ಹಾಕ್ಸುವ."

ನಾಲ್ಕು ಗಂಟೆಗೆ ಮತ್ತೆ ಸಭೆ. ಈ ಸಲ ಶೀನ ಎರಡು ಪೆನ್ನು ತಂದಿದ್ದ. ಸರಸರನೆ 'ಬೇಕು' ಬರೆದು ಎಲ್ಲರಿಗಿಂತ ಬೇಗ ಹೊರಬಂದ.

ಚಂದನಾ ಮೇಡಂ ಚೀಟಿ ಬಿಡಿಸಿದರು. "ಬೇಡ." ಶೀನ ಎದ್ದು ನಿಂತ. "ಬೇಡ. ಬೇಡ. ಬೇಡ..." ಸುಗುಣ ನೆಲ ನೋಡಿದಳು, ಪದ್ದು ಫ್ಯಾನು ನೋಡಿದ. ಬೆಳಗಿನ ಒಂದು 'ಬೇಡ' ಎಲ್ಲರಿಗೂ ಧೈರ್ಯ ಕೊಟ್ಟುಬಿಟ್ಟಿತ್ತು. ಕೊನೆಗೆ ಬೇಡ ಇಪ್ಪತ್ತೆರಡು, ಬೇಕು ಒಂದು.

ಶೆಟ್ಟರು ಎದ್ದರು. ಗಹಗಹಿಸಿ ನಕ್ಕರು.

"ಬೆಳಿಗ್ಗೆ ಬ್ಯಾಡ ಬರ್ದವ ನಾನೇ ಮರಾಯ್ರೆ! ಹೋಟ್ಲೆದುರ್ ಬಸ್ ನಿಂತ್ರೆ ಗಿರಾಕಿ ಕಾರ್ ಎಲ್ಲಿ ನಿಲ್ಸೂದ್? ಊರಿಗೇ ಬೇಕಂಬ್ರು, ಅಧ್ಯಕ್ಷ ಆಯ್ಕಂಡ್ ನಾನ್ ಹ್ಯಾಂಗ್ ಬ್ಯಾಡ ಅಂಬೂದ್ ಅಂದೇಳಿ ಬಾಯ್ ಮುಚ್ಕಂಡಿದ್ದೆ."

"ನಿಮ್ಗ್ ಖುಷಿ ಆತ್ತ್ ಅಂದೇಳಿ ನಾನ್ ಸೂಚಿಸಿದ್ದ್!" ಎಂದ ಕುಷ್ಟ.

ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ಶೀನ. ಅಂತೂ ಅಪವಾದ ಕಳೆಯಿತು.

ನಗು ನಿಂತ ಮೇಲೆ ಶೆಟ್ಟರು ಉಳಿದ ಆ ಒಂದು ಚೀಟಿಯನ್ನು ಎತ್ತಿ ತಿರುಗಿಸಿ ನೋಡಿದರು. ಹುಬ್ಬು ಗಂಟಾಯಿತು. "ಅಲ್ಲ, ಇಷ್ಟಾರೂ ನನ್ ಹೋಟ್ಲ್ ಬಾಗ್ಲಿಗ್ ಬಸ್ ತಂದ್ ನಿಲ್ಸ್ಕಂಬ ಈ ಒಬ್ಬ ಯಾರ್?"

ತಲೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು.

"ನಾನಲ್ಲ," ಎಂದ ಶೀನ.

ಬೆಳಿಗ್ಗೆಯಿಂದ ಅವನು ಹೇಳಿದ ಮೊದಲ ಸುಳ್ಳು ಅದು. ಅದನ್ನೂ ಯಾರೂ ನಂಬಲಿಲ್ಲ.