ಪ್ರೂಫ್ ಮೇಷ್ಟ್ರ ಅರ್ಧ ಗಂಟೆ

ಎಲ್ಲಕ್ಕೂ ಕಾರಣ ಮೇಡಂ ಹೋಗಿಬಂದ ಎರಡು ದಿನದ ತರಬೇತಿ. ಮುದ್ರಣಾಲಯದ ಒಡತಿಯಾದ ಅವರು ಬೆಳಿಗ್ಗೆಯೇ ಗೋಡೆಗೆ ಒಂದು ಹಾಳೆ ಅಂಟಿಸಿದರು: 'ಇಲ್ಲಿ ಯಾರೂ ಹೊರಗಿನವರಲ್ಲ. ಇಂದಿನಿಂದ ಎಲ್ಲರಿಗೂ ಒಂದೇ ಮೇಜಿನಲ್ಲಿ ಊಟ.' ಆ ಹಾಳೆಯ ಕರಡು ತಿದ್ದಿಕೊಟ್ಟವರು ಪ್ರೂಫ್ ಮೇಷ್ಟ್ರೇ. ಅಕ್ಷರ ನೋಡಿದರು, ಅರ್ಥ ನೋಡಲಿಲ್ಲ.

ಮೇಷ್ಟ್ರ ಮನೆಯಲ್ಲಿ ಎರಡು ಕೋಣೆ, ಒಂಬತ್ತು ಜನ. ಕೆಲಸದಲ್ಲಿ ದಿನವಿಡೀ ಯಂತ್ರದ ಸದ್ದು. ಮಧ್ಯಾಹ್ನ ಕಾಗದದ ಗೋದಾಮಿನಲ್ಲಿ, ರೀಮುಗಳ ನಡುವೆ ಬುತ್ತಿ ಬಿಚ್ಚಿ ಕೂರುವ ಅರ್ಧ ಗಂಟೆಯೊಂದೇ ಅವರ ಸ್ವಂತದ್ದು. ಹದಿನಾಲ್ಕು ವರ್ಷದಿಂದ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದರು.

ಅಂದೂ ಅಭ್ಯಾಸಬಲದಿಂದ ಅಲ್ಲಿಗೇ ಹೋದರು. ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಮೇಡಂ, ಯಂತ್ರ ನಡೆಸುವ ಮಷಿನ್ ಮಾಮ, ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕ ಮೂವರೂ ಬಾಗಿಲಲ್ಲಿ ನಿಂತಿದ್ದರು, ರೋಗಿಯನ್ನು ನೋಡಲು ಬಂದವರ ಹಾಗೆ.

"ಎಷ್ಟು ವರ್ಷದಿಂದ ಹೀಗೆ ಒಬ್ರೇ ನೋವು ನುಂಗ್ಕೊಂಡಿದೀರಿ?" ಎಂದರು ಮೇಡಂ.

ಮೇಷ್ಟ್ರು ಬಾಯಲ್ಲಿದ್ದ ತುತ್ತನ್ನಷ್ಟೇ ನುಂಗಿದರು.

ಅವರನ್ನು ಕೈಹಿಡಿದು ಕರೆತಂದು ದೊಡ್ಡ ಮೇಜಿನ ನಡುವೆ ಕೂರಿಸಲಾಯಿತು. ಆರು ವರ್ಷದ ಹಿಂದೆ ಬೈದದ್ದಕ್ಕೆ ಮಷಿನ್ ಮಾಮ ಕ್ಷಮೆ ಕೇಳಿದರು. ಮೇಷ್ಟ್ರಿಗೆ ಆ ಬೈಗುಳ ನೆನಪೇ ಇರಲಿಲ್ಲ. ಮಾಮ ಅದನ್ನು ಇನ್ನೊಮ್ಮೆ ಪೂರ್ತಿಯಾಗಿ ಹೇಳಿ ನೆನಪಿಸಿದರು. ಬೈಂಡಿಂಗ್ ಅಕ್ಕ ಮೇಷ್ಟ್ರ ಮನೆಗೇ ಫೋನ್ ಮಾಡಿ, ಯಜಮಾನರು ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದಾರೆಂದು ಹೆಂಡತಿಗೆ ತಿಳಿಸಿ, ಫೋನನ್ನು ಮೇಷ್ಟ್ರ ಕಿವಿಗಿಟ್ಟರು. ಹೆಂಡತಿ ಅಳುತ್ತಿದ್ದಳು. ಅದನ್ನು ಕೇಳಿ ಮೇಷ್ಟ್ರಿಗೇ ಅನುಮಾನ ಹುಟ್ಟಿತು. ತನಗೆ ನಿಜವಾಗಿಯೂ ದುಃಖವಿದೆಯೇ? ಇದ್ದರೆ ಯಾವುದು? ಮನಸ್ಸೆಲ್ಲ ತಡಕಾಡಿದರು, ಸಿಗಲಿಲ್ಲ. ಸಿಗದಿದ್ದಕ್ಕೆ ಸ್ವಲ್ಪ ದುಃಖವಾಯಿತು.

ಕೊನೆಗೆ ಧೈರ್ಯ ಮಾಡಿ, "ನಂಗೆ ದುಃಖ ಏನೂ ಇಲ್ಲ ಮೇಡಂ. ಒಬ್ಬನೇ ಸುಮ್ನೆ ಕೂತ್ಕೊಳ್ಳೋದು ಇಷ್ಟ, ಅಷ್ಟೇ," ಎಂದರು.

ಮೇಡಂ ಕಣ್ಣು ಒದ್ದೆಯಾಯಿತು. ಮೌನ ಇಷ್ಟಪಡುವವರನ್ನು ಇಷ್ಟು ದಿನ ಕಡೆಗಣಿಸಿದ್ದು ತಮ್ಮದೇ ತಪ್ಪು ಎಂದರು. ಇಂಥವರು ಇನ್ನೂ ಯಾರಾದರೂ ಇದ್ದೀರಾ ಎಂದು ಕೇಳಿದರು. ಮೇಜಿನ ಸುತ್ತ ಹನ್ನೊಂದು ಕೈಗಳು ಮೇಲೆದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಬೈಂಡಿಂಗ್ ಅಕ್ಕನ ಕೈ.

ಸಂಜೆಯ ಚಹಾದ ಹೊತ್ತಿಗೆ ಮೇಡಂ ಅಪ್ಪಣೆಯಂತೆ ಗೋದಾಮು ಮೌನಪ್ರಿಯರೆಲ್ಲರ ಪಾಲಾಯಿತು. ರೀಮುಗಳ ನಡುವೆ ಹನ್ನೊಂದು ಸ್ಟೂಲು, ಮೊಣಕಾಲಿಗೆ ಮೊಣಕಾಲು. ಒಬ್ಬರು ಇನ್ನೊಬ್ಬರನ್ನು 'ಶ್' ಎಂದು ಸುಮ್ಮನಾಗಿಸುವ ಸದ್ದಿಗೆ ಕಿವಿ ತೂತುಬೀಳುವಂತಿತ್ತು. ಮೇಷ್ಟ್ರು ಲೋಟ ಹಿಡಿದು ಮೆಲ್ಲಗೆ ಹೊರಬಂದರು. ಹೊರಗೆ ಯಂತ್ರದ ಸದ್ದು ನಿಂತಿತ್ತು. ದೊಡ್ಡ ಮೇಜಿನ ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಹುಡುಕುವ ಬಳ್ಳಿ ಕಾಲಿಗೇ ತೊಡರಿತು ಎಂದುಕೊಂಡು ಕೂತು, ಕಣ್ಣುಮುಚ್ಚಿ ಒಂದು ಗುಟುಕು ಕುಡಿದರು. ಅವರಿಗೆ ಪರಮ ಸುಖವಾಯಿತು.

ಕಣ್ಣು ಬಿಟ್ಟಾಗ ಎದುರಿಗೆ ಮೇಡಂ ಕೂತಿದ್ದರು.

"ಒಳಗಡೆ ಅವ್ರೂ ನಿಮ್ಮನ್ನ ಸೇರಿಸ್ಕೊಳ್ಳಲಿಲ್ವಾ ಮೇಷ್ಟ್ರೇ?" ಎಂದು ಮೆತ್ತಗೆ ಕೇಳಿದರು.

ಉತ್ತರಕ್ಕೆ ಕಾಯದೆ ಗೋದಾಮಿನ ಕಡೆ ತಿರುಗಿ ಎಲ್ಲರನ್ನೂ ಕರೆದರು. ಹನ್ನೊಂದು ಸ್ಟೂಲುಗಳೂ ಹೊರಗೆ ಬಂದವು.