ನಮ್ಮ ವಾರ್ಡಿನ ಏಕೈಕ ಮತದಾರರಾದ ಚೀಟಿಯವರಿಗೆ

ಮಾನ್ಯ ಚೀಟಿಯವರೇ,

ತಂಬಿಗೆಯ ಕತ್ತಲೆಯಿಂದ ಮೇಲೆದ್ದು ಬಂದು ನಮ್ಮ ವಾರ್ಡಿಗೆ ಪಟ್ಟಣ ಪಂಚಾಯಿತಿ ಸದಸ್ಯರನ್ನು ದಯಪಾಲಿಸಿದ ತಮಗೆ, ಬಸ್ ನಿಲ್ದಾಣದ ಹಿಂದಿನ ಓಣಿಯ ಸಮಸ್ತರ ಪರವಾಗಿ ಶಿರಬಾಗಿ ಶರಣು. ನಾಲ್ಕು ಮಡಿಕೆಯ ಕಾಗದವಾದರೂ ಇಡೀ ವಾರ್ಡು ಸೇರಿ ಮಾಡಲಾಗದ್ದನ್ನು ತಾವೊಬ್ಬರೇ ಮಾಡಿದಿರಿ; ಆದ್ದರಿಂದ ನನ್ನ ದೂರನ್ನು ಬೇರೆ ಯಾರಿಗೂ ಬರೆಯದೆ ತಮಗೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಓಣಿಯ ಪದ್ಧತಿಯನ್ನು ಅರಿಕೆ ಮಾಡಿಕೊಳ್ಳಬೇಕು. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಹಾದಿಯ ನಮ್ಮ ಸಣ್ಣ ಊರಿನಲ್ಲಿ ಚುನಾವಣೆಗೆ ನಿಲ್ಲುವವರೆಲ್ಲ ಬೇಕಾದವರೇ. ನಿಜಗುಣಪ್ಪನವರು ನಮ್ಮ ಬೀಗರು, ಲಕ್ಕಪ್ಪ ನನ್ನ ಜೊತೆ ಶಾಲೆ ಕಲಿತವನು. ಇಬ್ಬರೂ ಮನೆಗೆ ಬಂದು, ಚಹಾ ಕುಡಿದು, ಕೈಹಿಡಿದು ಕೇಳಿದ ಮೇಲೆ ಯಾರಿಗೆ ಇಲ್ಲವೆನ್ನುವುದು? ಹಾಗಾಗಿ ಗಂಡನ ಮತ ಒಬ್ಬರಿಗೆ, ಹೆಂಡತಿಯ ಮತ ಇನ್ನೊಬ್ಬರಿಗೆ; ಮನೆಮನೆಯಲ್ಲೂ ಹೀಗೆಯೇ. ಯಾರೇ ಗೆದ್ದರೂ ‘ನಮ್ಮ ಮನಿ ಓಟು ನಿಮಗ ಬಿದ್ದೈತ್ರಿ’ ಎನ್ನಬಹುದು, ಸುಳ್ಳೂ ಆಗುವುದಿಲ್ಲ. ಗಂಡ ತೀರಿಕೊಂಡ ಕೆಂಚವ್ವ ಮಾತ್ರ ‘ನಂದು ಒಂದ ಓಟು, ಯಾರ ಮಾರಿ ನೋಡ್ಲೆವ್ವಾ’ ಎಂದು ಚಿಂತೆಗೆ ಬಿದ್ದಿದ್ದಳು. ಆಗ ಅವಳಂತೆಯೇ ಒಂಟಿಯಾಗಿದ್ದ ಎದುರುಮನೆಯ ತಾಯವ್ವ, ‘ನೀ ಅವಂಗ ಹಾಕು, ನಾ ಇವಂಗ ಹಾಕ್ತೇನಿ. ಇಬ್ಬರೂ ಕೂಡಿ ಒಂದ ಮನಿ ಅನ್ಕೊಳ್ಳೂಣು’ ಎಂದು ಸಮಾಧಾನ ಮಾಡಿದಳು.

ಇಷ್ಟು ಅಚ್ಚುಕಟ್ಟಾಗಿ ಮತ ಹಾಕಿದ ಮೇಲೆ ಆಗಬೇಕಾದದ್ದೇ ಆಯಿತು: ಸರಿಸಮ. ಮತ್ತೆ ಎಣಿಸಿದರು, ಮತ್ತೆ ಸರಿಸಮ. ಅಧಿಕಾರಿಗಳು ಇಬ್ಬರ ಹೆಸರನ್ನೂ ಬರೆದು ತಂಬಿಗೆಗೆ ಹಾಕಿ, ಅಲುಗಾಡಿಸಿ ಒಂದನ್ನು ಎತ್ತಿದರು. ಬಂದವರು ತಾವು, ತಮ್ಮ ಹೊಟ್ಟೆಯಲ್ಲಿದ್ದವರು ನಿಜಗುಣಪ್ಪನವರು.

ಈಗ ನನ್ನ ದೂರು. ಹೋದ ಮಳೆಗಾಲಕ್ಕೆ ಮುಂಚೆ ನನ್ನ ಹೆಂಡತಿ ಅನ್ನಪೂರ್ಣಾ ನಡೆಸುವ ಖಾನಾವಳಿಯ ಬಾಗಿಲಿಗೇ ಗಟಾರ ಅಗೆದರು, ಮೇಲೆ ಕಲ್ಲು ಹಾಸುವುದನ್ನು ಮರೆತರು. ರೊಟ್ಟಿ ಉಣ್ಣಬೇಕಾದರೆ ಜಿಗಿಯಬೇಕು. ಜಿಗಿಯುವ ವಯಸ್ಸಿನವರು ಜಿಗಿದರು. ಉಳಿದವರು ಆಚೆ ಓಣಿಯ ಖಾನಾವಳಿ ಹಿಡಿದರು. ಮಿಕ್ಕ ರೊಟ್ಟಿ ತಿಂದು ಓಣಿಯ ಆಕಳುಗಳು ಕೊಬ್ಬಿವೆ, ನಮ್ಮ ಒಲೆ ಸೊರಗಿದೆ. ಹೀಗೇ ಆದರೆ ಯುಗಾದಿಯೊಳಗೆ ಬೀಗ ಹಾಕಬೇಕಾದೀತು.

ನಿಜಗುಣಪ್ಪನವರ ಬಳಿ ಹೋಗಿ, ನಮ್ಮ ಮನೆಯ ಮತ ಅವರಿಗೇ ಬಿದ್ದದ್ದನ್ನು ನೆನಪಿಸಿದೆ. ‘ಖರೇ ಐತ್ರಿ ಬೀಗ್ರ’ ಎಂದು ಅವರು ನಕ್ಕರು. ‘ನಿಮ್ಮದು ಕೂಡ್ತು, ನಿಮ್ಮ ಮನಿಯಾಕಿದು ಕಳೀತು. ನನ್ನ ಆರಿಸಿದ್ದು ಆ ಚೀಟಿ. ಅದು ಬಂದು ಕೇಳ್ಲಿ, ನಾಳೆನ ಕಲ್ಲು ಹಾಸ್ತೇನಿ.’ ಲಕ್ಕಪ್ಪನ ಬಳಿ ಹೋದೆ. ‘ಏ ಸಿದ್ಧ್ಯಾ, ನಾ ಸೋತಾವ. ನನ್ನ ಕೈಯಾಗ ಕಲ್ಲು ಕೊಟ್ಟರ ಹಾಸಾಂವಲ್ಲ, ಒಗ್ಯಾಂವ’ ಎಂದ.

ಕೊನೆಗೆ ಅನ್ನಪೂರ್ಣಾ ಇಬ್ಬರ ಹಳೆಯ ಪ್ರಚಾರದ ಹಲಗೆಗಳನ್ನೂ ಹುಡುಕಿ ತಂದು ಗಟಾರದ ಮೇಲೆ ಜೋಡಿಸಿದಳು. ಬಲಗಾಲು ನಿಜಗುಣಪ್ಪನವರ ಮೇಲೆ, ಎಡಗಾಲು ಲಕ್ಕಪ್ಪನ ಮೇಲೆ, ಯಾರಿಗೂ ಬೇಸರವಾಗಬಾರದಲ್ಲ. ಆದರೆ ಮೊನ್ನೆ ನಮ್ಮ ನಂಬಿಕೆಯ ಗಿರಾಕಿ ಭರಮಪ್ಪ ಮಾಸ್ತರರು ಹೊಟ್ಟೆತುಂಬ ಉಂಡು ಹೊರಟಾಗ ಇಬ್ಬರೂ ಒಟ್ಟಿಗೆ ಮುರಿದರು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಮೇಲೆ ಬಂದ ಮಾಸ್ತರರು, ‘ಊಟ ಚಲೋ ಇತ್ತು ತಂಗೆವ್ವ. ಹಾದಿ ಆದ ಮ್ಯಾಲ ಬರ್ತೇನಿ’ ಎಂದಷ್ಟೇ ಹೇಳಿ ಹೋದರು. ಅವತ್ತಿನಿಂದ ಅವರೂ ಇಲ್ಲ.

ಆದಕಾರಣ ಮಾನ್ಯರೇ, ತಾವು ಮಡಿಕೆ ಬಿಚ್ಚಿಕೊಂಡು ಒಮ್ಮೆ ಖುದ್ದಾಗಿ ಬಂದು ತಮ್ಮ ಸದಸ್ಯರಿಗೆ ನಾಲ್ಕು ಮಾತು ಹೇಳಬೇಕು. ವಾರ್ಡಿನ ಸಭೆಯನ್ನು ತಂಬಿಗೆಯಲ್ಲೇ ಕರೆಯುವುದಾದರೆ ನಾವೆಲ್ಲ ಹೇಗೋ ಒತ್ತಿಕೊಂಡು ಕೂರುತ್ತೇವೆ. ಅದೂ ಆಗದಿದ್ದರೆ ದಯವಿಟ್ಟು ಗಟಾರದ ಮೇಲೆ ತಾವೇ ಅಡ್ಡ ಮಲಗಬೇಕು. ಇಡೀ ವಾರ್ಡಿನ ಭಾರ ಹೊತ್ತ ತಮಗೆ ಭರಮಪ್ಪ ಮಾಸ್ತರರ ಭಾರ ಯಾವ ಲೆಕ್ಕ?

ಇನ್ನೊಂದು ಮಾತು. ಮತ್ತೊಂದು ಚುನಾವಣೆ ಹತ್ತಿರ ಬಂದಿದೆ. ನಿನ್ನೆ ರೊಟ್ಟಿ ಬಡಿಯುತ್ತಿದ್ದ ಅನ್ನಪೂರ್ಣಾ ಕೈ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ, ‘ಈ ಸಲ ನಮ್ಮನಿ ಎರಡೂ ಓಟು ಒಂದ ಕಡೆರೀ. ಕಲ್ಲು ಯಾರು ಮೊದಲ ಹಾಸ್ತಾರ, ಅವರಿಗೆ’ ಎಂದಳು. ‘ನಮ್ಮ ಮನೀದೂ’ ಎಂದರು ಕೆಂಚವ್ವ, ತಾಯವ್ವ ಒಟ್ಟಿಗೇ. ಆಮೇಲೆ ಒಂದೊಂದೇ ಬಾಗಿಲಿನಿಂದ ಅದೇ ಮಾತು ಕೇಳಿಬಂತು.

ತಮ್ಮ ವಿಶ್ವಾಸಿ,
ಸಿದ್ಧಾರೂಢ
(ಖಾನಾವಳಿ ಅನ್ನಪೂರ್ಣಾಳ ಗಂಡ)

ತಾ.ಕ.: ಸಹಿ ಹಾಕುವಷ್ಟರಲ್ಲಿ ಬಾಗಿಲಿಗೆ ಎರಡು ಟ್ರ್ಯಾಕ್ಟರ್ ಬಂದು ನಿಂತಿವೆ, ಎರಡರಲ್ಲೂ ಚಪ್ಪಡಿ ಕಲ್ಲು. ಮೊದಲು ಬಂದವರು ಯಾರೆಂದು ನಿಜಗುಣಪ್ಪನವರೂ ಲಕ್ಕಪ್ಪನೂ ಜಗಳಕ್ಕೆ ಬಿದ್ದಿದ್ದಾರೆ. ‘ಮೊದಲ ಕಲ್ಲು ಇಳಸ್ರಿ, ಓಟಿನ ಮಾತು ಆಮ್ಯಾಲ’ ಎಂದು ಅನ್ನಪೂರ್ಣಾ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಾಳೆ. ತಾವು ಮಾತ್ರ ದಯವಿಟ್ಟು ಈ ಕಡೆ ಬರುವ ತ್ರಾಸು ತೆಗೆದುಕೊಳ್ಳಬೇಡಿ.