ನಾನು ತಿಂದ ಹಾಯಿ

ನಮ್ಮ ಅಕ್ಕನ ಹತ್ತಿರ ಒಂದು ನೌಕಾಪಡೆ ಇದೆ ಎಂದರೆ ನೀವು ನಂಬುವುದಿಲ್ಲ. ನಾನಾದರೂ ಎಲ್ಲಿ ನಂಬಿದ್ದೆ? ಸವಣೂರಿನಲ್ಲಿ ಕೂತವರಿಗೆ ಕಡಲೆಲ್ಲಿ, ಹಡಗೆಲ್ಲಿ! ಅಕ್ಕ ತನ್ನ ಜೀವಮಾನದಲ್ಲಿ ಕಂಡ ದೊಡ್ಡ ನೀರೆಂದರೆ ಹಾನಗಲ್ಲಿನ ಆನಿಕೆರೆ. ಅದನ್ನೂ ಬಸ್ಸಿನ ಕಿಟಕಿಯಿಂದ ನೋಡಿದ್ದು, ಅದೂ ಅರ್ಧ ನಿದ್ದೆಯಲ್ಲಿ! ಆದರೂ ಎಪ್ಪತ್ತು ದಾಟಿದ ಈ ಹೆಂಗಸು ಪಡಸಾಲೆಯಲ್ಲಿ ಕೂತು ಮುಳುಗಿಸಿದಷ್ಟು ಹಡಗುಗಳನ್ನು ಯಾವ ದೊರೆಯೂ ಮುಳುಗಿಸಿರಲಾರ. ಮುಳುಗಿದವೆಲ್ಲ ನನ್ನವೇ ಎನ್ನುವುದು ಬೇರೆ ಮಾತು.

ಇದೆಲ್ಲ ಶುರುವಾದದ್ದು ನನ್ನ ಮೊಮ್ಮಗಳ ಮೊಬೈಲಿನಿಂದ. ಯಾವುದೋ ದೂರದೇಶದ ದಾಡಿ ಬಿಟ್ಟ ಗಂಡಸರು ದೊಡ್ಡ ಮೇಜಿನ ಮೇಲೆ ಬೆರಳುದ್ದದ ಹಡಗುಗಳನ್ನಿಟ್ಟು, ದಾಳ ಉರುಳಿಸಿ, ಭೂತದ ಹಡಗು, ಬೆಂಕಿ ಉಗುಳುವ ಮೀನು ಅಂತೆಲ್ಲ ಸೇರಿಸಿ ಯುದ್ಧದ ಆಟ ಆಡುತ್ತಿದ್ದರು. ಅಕ್ಕ ಕನ್ನಡಕ ಏರಿಸಿ ಪೂರ್ತಿ ನೋಡಿದಳು. "ಇಷ್ಟ ಏನು ಆಟಾ ಅಂದ್ರ?" ಎಂದಳು. ನಾನು ಆ ಮಾತನ್ನು ಅಲ್ಲಿಗೇ ಮರೆತೆ.

ಹೆಂಡತಿ ತೀರಿಕೊಂಡ ಮೇಲೆ ವಾರಕ್ಕೊಮ್ಮೆ ಬಂಕಾಪುರದಿಂದ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು ನನ್ನ ರೂಢಿ. ಮುಂದಿನ ವಾರ ಹೋದೆ. ಹೊಸ್ತಿಲು ದಾಟಿದೆನೋ ಇಲ್ಲವೋ, ಒಳಗಿನಿಂದ ಕೂಗು ಬಂತು.

"ಏಯ್, ಚಪ್ಪಲ್ ಬಿಡೋ! ಸಮುದ್ರದಾಗ ಚಪ್ಪಲ್ ಹಾಕ್ಕೊಂಡ ಅಡ್ಡಾಡ್ತಾರೇನು?"

ನೋಡಿದರೆ ಪಡಸಾಲೆಯ ಗೋಡೆಯಿಂದ ಗೋಡೆಗೆ ನೀಲಿ ತಾಡಪತ್ರಿ ಹಾಸಿದೆ! ಅದರ ಮೇಲೆ ಎರಡು ಸಾಲು ಹಡಗು. ಸಣ್ಣವರಿದ್ದಾಗ ನಾವು ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಮಾಡಿ ಆಡುತ್ತಿದ್ದೆವು. ಅದೇ ಬೆಂಡಿನಿಂದ ಅಕ್ಕ ಹಡಗು ಕಟ್ಟಿದ್ದಳು. ನಡುವಿನ ಕಂಬಕ್ಕೆ ಕಸಬರಿಗೆಯ ಕಡ್ಡಿ. ಹಾಯಿ? ಸವಣೂರಿನವರಿಗೆ ಹಾಯಿಗೇನು ಬರ! ಮನೆಯ ಹಿಂದಿನ ತೋಟದ ಎಳೆ ವೀಳ್ಯದೆಲೆ. ಎರಡೂ ಬದಿಗೆ ಚುಚ್ಚಿದ ಲವಂಗಗಳೇ ತೋಪು, ಕಾಳುಮೆಣಸೇ ಗುಂಡು. ಬೋರಲು ಹಾಕಿದ ಬೋಗುಣಿಗಳು ನಡುಗಡ್ಡೆ. ಸಮುದ್ರದ ನಟ್ಟನಡುವೆ ಹುಣಸೆಹಣ್ಣಿನ ಉಂಡೆಗೆ ಎರಡು ಗುಲಗಂಜಿ ಮೆತ್ತಿ ಮಾಡಿದ ಕಡಲರಕ್ಕಸಿ. ಗೇಣು ಹತ್ತಿರ ಬಂದ ಹಡಗನ್ನು ಇಡಿಯಾಗಿ ನುಂಗುವುದು ಆಕೆಯ ಕೆಲಸ.

ನಿಯಮಗಳೂ ಅಕ್ಕನವೇ. ಕವಡೆ ಎಸೆಯಬೇಕು, ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಬೆರಳು ಹಡಗು ಮುಂದೆ ಹೋಗಬೇಕು. ಎಲೆ ಬಾಡಿದರೆ ಗಾಳಿ ಬಿದ್ದಂತೆ, ಹಡಗು ನಿಂತಲ್ಲೇ ನಿಲ್ಲಬೇಕು. ಎಲೆಯೇ ಹೋದರೆ ಹಡಗು ಶರಣಾದಂತೆ. ಶತ್ರುವಿನ ಮಗ್ಗುಲಿಗೆ ಬಂದು ಮತ್ತೊಮ್ಮೆ ಕವಡೆ ಎಸೆದರೆ ಗುಂಡು ಹಾರಿದಂತೆ, ಆ ಹಡಗು ಮುಳುಗಿದಂತೆ. ಬೆಕ್ಕು ನಡುವೆ ಹಾದರೆ ಚಂಡಮಾರುತ. ಬಿದ್ದದ್ದು ಬಿತ್ತು, ಯಾರೂ ತಕರಾರು ಮಾಡುವಂತಿಲ್ಲ.

"ಅಲ್ಲಾ, ಬೆಕ್ಕು ಬರೀ ನನ್ನ ಹಡಗಿನ ಮ್ಯಾಲ ಯಾಕ ಬೀಳ್ತೈತಿ?" ಎಂದು ನಾನು ಕೇಳಿದೆ.

"ನಿನ್ನ ಕರ್ಮ. ನಾ ಏನ ಮಾಡ್ಲಿ?"

ಕರ್ಮವಲ್ಲ ಎಂದು ಗೊತ್ತಾಗಲು ನನಗೆ ಎಷ್ಟೋ ವಾರ ಹಿಡಿಯಿತು. ಬಿಸಿಲು ಬೀಳುವ ಬದಿಯನ್ನು ನನಗೆ ಬಿಟ್ಟುಕೊಟ್ಟಿದ್ದಳು. ಅಲ್ಲಿ ಎಲೆಯೂ ಬೇಗ ಬಾಡುತ್ತಿತ್ತು, ಬೆಕ್ಕೂ ಬೆಚ್ಚಗೆ ಮಲಗಲು ಅಲ್ಲಿಗೇ ಬರುತ್ತಿತ್ತು! ಇದಕ್ಕೆ ಯುದ್ಧತಂತ್ರ ಎನ್ನುತ್ತಾರಂತೆ.

ಆಕೆಯ ದೊಡ್ಡ ಹಡಗಿನ ಹೆಸರು 'ಗಾಳೆವ್ವ'. ನನ್ನ ದೊಡ್ಡ ಹಡಗಿಗೆ ಆಕೆಯೇ ಇಟ್ಟ ಹೆಸರು 'ಹೊಟ್ಟಿಬಾಕ'.

"ಇದೆಂಥಾ ಹೆಸರ?"

"ಅದು ನಡ್ಯೂದ ನೋಡಿದ್ರ ಗೊತ್ತಾಗೂದಿಲ್ಲೇನು?"

ಒಮ್ಮೆ ಕರೆಂಟಿನ ಮೀಟರ್ ನೋಡುವವನು ಬಂದ. ಮೀಟರ್ ಇರುವುದು ಪಡಸಾಲೆಯ ಆಚೆ ಗೋಡೆಗೆ. ಅಕ್ಕ ಕೂತಲ್ಲಿಂದಲೇ ಕೈಮಾಡಿ, "ದಂಡಿಗುಂಟ ಹೋಗಪಾ. ನಡುವ ಹಾದ್ರ ಸುನಾಮಿ ಬರ್ತೈತಿ" ಎಂದಳು. ಪಾಪ, ಅವನು ಚೀಲವನ್ನು ತಲೆಯ ಮೇಲೆ ಹೊತ್ತು ಗೋಡೆಗೆ ಅಂಟಿಕೊಂಡು ಹೋದ. ವಾಪಸು ಬರುವಾಗ ಸುಮ್ಮನೆ ಬರಬಾರದೇ? ನಿಂತ, ನೋಡಿದ. "ಅಮ್ಮಾರ, ಆ ಬೋಗುಣಿ ಹಿಂದಿಂದ ಬರ್ರಿ. ಅಜ್ಜಾರು ಅಲ್ಲಿ ಎರಡ ಹಡಗ ಬಚ್ಚಿಟ್ಟಾರ್ರೀ" ಎಂದ! ನೋಡಿದಿರಾ, ಬಿಲ್ಲು ಕೊಡಲು ಬಂದವನು ನನ್ನ ಗುಟ್ಟನ್ನು ಶತ್ರುವಿಗೆ ಕೊಟ್ಟು ಹೋದ. ಗೆದ್ದವರಿಗೆ ಒಂದು ತಾಟು ಕುರುಕು ಸವಣೂರ ಖಾರ, ಸೋತವರು ನೋಡುತ್ತ ಕೂಡಬೇಕು. ಆವತ್ತೂ ನಾನು ನೋಡುತ್ತ ಕೂತೆ.

ಹೀಗೇ ನಡೆದಿದ್ದರೆ ನನಗೆ ಈ ಪಶ್ಚಾತ್ತಾಪ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಳು. ಮಣಿಕಟ್ಟು ಉಳುಕಿತು, ಅಷ್ಟೇ. ಮಕ್ಕಳಿಲ್ಲದ ಅಕ್ಕ, ಗಂಡ ಹೋದ ಮೇಲೆ ಆ ಮನೆಗೆ ತಾನೇ ದೊರೆ, ತಾನೇ ಪ್ರಜೆ. ನಾನು ಸುದ್ದಿ ತಿಳಿದವನೇ ಓಡಿ ಹೋದೆ.

"ಮನಿಗೆ ಕೀಲಿ ಹಾಕು. ಬಂಕಾಪುರಕ್ಕ ನಮ್ಮ ಮನಿಗೆ ಬಂದ ಇರು."

"ಯಾಕ?"

"ನೀ ಬಿದ್ರ ಯಾರ ನೋಡ್ತಾರ?"

"ಬಿದ್ದಿದ್ದೆ. ನಾನ ನೋಡ್ಕೊಂಡೆ."

"ಅಲ್ಲಾ, ಮಂದಿ ನನಗ ಏನಂತಾರ?"

"ಹಂಗಾರ ಆ ಮಂದೀನ ಕರ್ಕೊಂಡ ಹೋಗಿ ಇಟ್ಕೋ!"

ಹೋದಾಗಲೆಲ್ಲ ಇದೇ ಜಗಳ. ಕೊನೆಗೆ ಅಕ್ಕನಿಗೆ ಸಾಕಾಯಿತು. "ಒಂದ ಯುದ್ಧಾ ಆಗಿಬಿಡ್ಲಿ. ನೀ ಗೆದ್ರ ಕೀಲಿ ಹಾಕ್ಕೊಂಡ ನಿನ್ನ ಹಿಂದ ಬರ್ತೇನಿ. ನಾ ಗೆದ್ರ ಈ ಮಾತು ಇನ್ನ ನಿನ್ನ ಬಾಯಾಗ ಬರಬಾರದು" ಎಂದಳು.

ನಾನು ಒಪ್ಪಿದೆ. ಎಂದೂ ಗೆಲ್ಲದವನು ಒಪ್ಪಿದ್ದೇಕೆ ಎಂದು ಕೇಳಬೇಡಿ.

ಆ ದಿನದ ಯುದ್ಧವನ್ನು ಹೇಗೆ ಬಣ್ಣಿಸಲಿ! ಅಕ್ಕನ ಕವಡೆಗಳು ಆಕೆ ಹೇಳಿದಂತೆ ಬಿದ್ದವು. ನನ್ನ ಎರಡು ಹಡಗು ರಕ್ಕಸಿಯ ಹೊಟ್ಟೆ ಸೇರಿದವು. ಒಂದರ ಮೇಲೆ ಬೆಕ್ಕು ಮಲಗಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಕಡೆ ಉಳಿದದ್ದು ಹೊಟ್ಟಿಬಾಕ ಒಂದೇ, ನಾನೂ ಅಪರೂಪಕ್ಕೆ ಆಕೆಯವನ್ನು ಮುಳುಗಿಸಿದ್ದೆ, ಆಕೆಯ ಕಡೆ ಗಾಳೆವ್ವ ಒಂದೇ. ಗಾಳೆವ್ವ ನನ್ನ ಮಗ್ಗುಲಿಗೇ ಬಂದು ನಿಂತಿದ್ದಳು. ಇನ್ನೊಂದು ಸಲ ಕವಡೆ ಎಸೆದರೆ ನನ್ನ ಕಥೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಅಕ್ಕ "ತಡಿ, ಬಂದೆ" ಎಂದು ಎದ್ದು ಹೋದಳು.

ಇಲ್ಲಿ ನನ್ನ ಒಂದು ಚಟವನ್ನು ಹೇಳಬೇಕು. ನನಗೆ ಎಲೆ ಅಡಿಕೆ ಇಲ್ಲದೆ ನಡೆಯುವುದಿಲ್ಲ. ಎಲೆ, ಲವಂಗ ಎರಡನ್ನೂ ಕಣ್ಣ ಮುಂದೆ ಸಾಲಾಗಿ ನಿಲ್ಲಿಸಿದರೆ ಎಂಥ ಋಷಿ ತಡೆದಾನು? ಹಿಂದೊಮ್ಮೆ ಯೋಚನೆ ಮಾಡುತ್ತ ಮಾಡುತ್ತ ನನ್ನದೇ ಹಡಗಿನ ಹಾಯಿ ಕಿತ್ತು ತಿಂದುಬಿಟ್ಟಿದ್ದೆ. ಅಕ್ಕ ಅದನ್ನು ಓಣಿಗೆಲ್ಲ ಹೇಳಿ ನಕ್ಕಿದ್ದಳು.

ಈಗ ನನ್ನ ಕೈ ಗಾಳೆವ್ವನ ಕಡೆ ಹೋಯಿತು. ಹಾಯಿ ಕಿತ್ತೆ. ತೊಟ್ಟು ಮುರಿದೆ. ಸುಣ್ಣ ಸವರಿದೆ. ಅಡಿಕೆ ಇಟ್ಟು, ಮಡಚಿ, ಬಾಯಿಗೆ ಹಾಕಿಕೊಂಡೆ.

ಅಕ್ಕ ಬಂದಳು. ಬೋಳು ಹಡಗು ನೋಡಿದಳು, ಉಬ್ಬಿದ ನನ್ನ ದವಡೆ ನೋಡಿದಳು.

"ಅಯ್ಯ ಶಿವನ! ಮತ್ತ ಹಾಯಿ ತಿಂದೇನೋ!"

"ಚಟಾ ನೋಡು ಅಕ್ಕಾ... ಕೈ ತಾನ ಹೋತು."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು. ಗಾಳೆವ್ವನನ್ನು ಎತ್ತಿ ತಾಡಪತ್ರಿಯ ಹೊರಗಿಟ್ಟಳು.

"ಇರ್ಲಿ ಬಿಡು, ಬ್ಯಾರೆ ಎಲಿ ಹಚ್ಚು" ಎಂದೆ. ನನ್ನ ಬಾಯಿ ಹಾಗೆಂದಿತು. ಆಕೆ ಹಚ್ಚುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನಿಯಮಾ ಮಾಡಿದಾಕಿ ನಾನು. ನಾನ ಮುರದ್ರ ಹೆಂಗ?" ಎಂದು ಕೀಲಿಕೈ ಹುಡುಕಲು ಎದ್ದಳು.

ಬಂಕಾಪುರದಲ್ಲಿ ನಮ್ಮ ಮನೆಯವರೆಲ್ಲ ಅಕ್ಕನನ್ನು ಚೆನ್ನಾಗಿಯೇ ನೋಡಿಕೊಂಡರು. ಮಗ ಹೊಸ ಗಾದಿ ತಂದ. ಸೊಸೆ ಕೆಲಸ ಮುಟ್ಟಗೊಡಲಿಲ್ಲ. ಆದರೆ ಎರಡು ಹೊತ್ತು ಒರೆಸುವ ನೆಲದ ಮೇಲೆ ಸಮುದ್ರ ಹಾಸಲು ಬರುತ್ತದೆಯೇ? ತಾಡಪತ್ರಿ ಮಡಚಿಕೊಂಡು ಮಂಚದ ಕೆಳಗೆ ಹೋಯಿತು. ಟ್ರಂಕಿನಲ್ಲಿದ್ದ ಹಡಗುಗಳು ಟ್ರಂಕಿನಲ್ಲೇ ಉಳಿದವು. ಬಂದವರಿಗೆಲ್ಲ ಅಕ್ಕ, "ನನ್ನ ತಮ್ಮ ನನ್ನ ಗೆದ್ದ ಕರ್ಕೊಂಡ ಬಂದಾನ್ರೀ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಒಂದು ದಿನವೂ ಗೊಣಗಲಿಲ್ಲ.

ಗೊಣಗಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ಮುಂಜಾನೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆಕೆ ಸೊಸೆಗೆ ಕೇಳುವುದು ಕಿವಿಗೆ ಬಿತ್ತು: "ಇನ್ನೊಂದ ಗುಟುಕು ಚಾ ಕುಡೀಲೇನವಾ?"

ಸರಕಾರದ ಮನುಷ್ಯನನ್ನು ಗೋಡೆಗುಂಟ ನಡೆಸಿದ ನಮ್ಮ ಅಕ್ಕ! ಒಂದು ಗುಟುಕು ಚಹಾಕ್ಕೆ ಅಪ್ಪಣೆ ಕೇಳುತ್ತಿದ್ದಳು. ಸೊಸೆ ಪಾಪ, "ಅಯ್ಯ ಅತ್ತಿ, ಕೇಳೂದೇನ್ರೀ" ಎಂದು ಕಪ್ಪು ತುಂಬಿಸಿಕೊಟ್ಟಳು. ಆದರೆ ನಾನು ನನ್ನ ಕಪ್ಪನ್ನು ಕುಡಿಯದೆ ಕೆಳಗಿಟ್ಟೆ.

ಅಕ್ಕ ಕಟ್ಟೆಗೆ ಬಂದು ಕೂತಳು. ಊರ ಹಳೆಯ ಕೋಟೆಯ ಕಡೆಯಿಂದ ನವಿಲುಗಳು ಕೂಗುತ್ತಿದ್ದವು. ಇನ್ನು ತಡೆದರೆ ಆಗದು ಎನ್ನಿಸಿತು.

"ಅಕ್ಕಾ, ಆವತ್ತ ನಾ ಎಲಿ ಚಟಕ್ಕ ತಿನ್ನಲಿಲ್ಲ."

"ಮತ್ತ?"

"ಬೇಕಂತ ತಿಂದೆ."

ಅಕ್ಕ ನನ್ನ ಕಡೆ ತಿರುಗಿದಳು.

"ಸುಣ್ಣಾ ಹಚ್ಚಿದ್ದೇನು?"

"ಹಚ್ಚಿದ್ದೆ."

"ಅಡಿಕಿ?"

"ಹಾಕಿದ್ದೆ."

"ಲವಂಗಾ?"

"...ನಿನ್ನ ತೋಪಿಂದ ಒಂದ ಕಿತ್ತಿದ್ದೆ."

"ತೋಪೂ ತಿಂದ್ಯಾ!" ಎಂದು ಎದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ. "ಹಂಗಾರ ನಾ ಸೋತಿಲ್ಲ" ಎಂದಳು. ಒಳಗೆ ಟ್ರಂಕು ಎಳೆಯುವ ಸದ್ದು ಕೇಳಿತು.

ಟ್ರಂಕನ್ನು ಬಸ್ಸಿಗೆ ಏರಿಸಿದ್ದು ನಾನೇ. ದಾರಿಯುದ್ದಕ್ಕೂ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಏನೋ ಹೇಳಲು ಹೋದರೆ ಕಂಡಕ್ಟರನಿಗೆ ಉತ್ತರ ಕೊಡುತ್ತಿದ್ದಳೇ ಹೊರತು ನನಗಲ್ಲ. ಸವಣೂರಿನಲ್ಲಿ ಇಳಿದು, ಕೀಲಿ ತೆಗೆದು, ನಾನೇ ಕಸ ಗುಡಿಸಿದೆ, ನಾನೇ ನೀರು ತುಂಬಿದೆ. ಹೊತ್ತು ಇಳಿಯುತ್ತಿತ್ತು. ಇನ್ನು ಈ ಬಾಗಿಲು ನನಗೆ ತೆರೆಯಲಾರದು ಎನ್ನಿಸಿತು. ಹೊಸ್ತಿಲ ಮೇಲೆ ನಿಂತು, "ಬರ್ತೇನಿ ಅಕ್ಕಾ" ಎಂದೆ.

"ನಿಂದ್ರು."

ನಿಂತೆ.

"ನಾ ಬಿದ್ದೇನಂತ ಹೆದರಿ ತಿಂದ್ಯಾ?"

"ಹೂಂ."

"ಸುಳ್ಳ."

ನಾನು ಕಾಲಿನಿಂದ ಚಪ್ಪಲಿ ಹುಡುಕಿದೆ.

"ಮಂದಿ ಬಾಯಿಗೆ ಹೆದರಿ?"

ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ.

ಅಕ್ಕ ಹತ್ತಿರ ಬಂದಳು. ನನ್ನ ಅಂಗಿಯ ಕಾಲರು ಒಳಗೆ ಮಡಚಿಕೊಂಡಿತ್ತಂತೆ, ಸರಿಮಾಡಿದಳು. "ನಿನ್ನ ಹೆಂಡ್ತಿ ಹೋದಮ್ಯಾಲೆ ಮನ್ಯಾಗ ನಿನ್ನ ಜೋಡಿ ಮಾತಾಡವ್ರು ಯಾರೂ ಇಲ್ಲ. ಅವರವರ ಕೆಲಸಾ ಅವರಿಗೆ. ನಿನಗ ನಾ ಬೇಕಾಗಿತ್ತು. ಹೌದಿಲ್ಲೋ?"

ಎಪ್ಪತ್ತರ ಹತ್ತಿರ ಬಂದ ಮುದುಕ ನಾನು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೌದು" ಎಂದೆ. ಆ ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತಾಯಿತೋ!

"ಅದನ್ನ ಮೊದಲ ಹೇಳಾಕ ಏನಾಗಿತ್ತೋ ಹುಚ್ಚಾ? ಬೀಳ್ತಿ, ಸಾಯ್ತಿ, ಮಂದಿ ಅಂತಾರ ಅಂದ್ಯಲ್ಲ. ನನಗ ಬ್ಯಾಸರಾಗೇತಿ ಅಂತ ಒಂದ ಸಲ ಅಂದ್ಯಾ?"

ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬಸ್ಸಿನ ಹೊತ್ತಾಗಿತ್ತು. ನಾನು ಹೊಸ್ತಿಲ ಮೇಲೆ ಕೂತೆ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳವಾಯಿತು, ಆಮೇಲೆ ಆಕೆಯ ದನಿ ಬಂತು.

"ರೊಟ್ಟಿಗೆ ಹಿಟ್ಟ ನಾದಾಕತ್ತೇನಿ. ಒಬ್ಬಾಕಿಗೆ ನಾದ್ಲೋ, ಇಬ್ಬರಿಗೆ ನಾದ್ಲೋ? ಬಾಯಿಬಿಟ್ಟ ಹೇಳು."

"ಇಬ್ಬರಿಗೆ" ಎಂದೆ.